ಪಾಚಿ ಸತ್ತ ಬಾವಿಗೆ ಶುದ್ಧಪತ್ರ

ಕುಡಿಯುವ ನೀರನ್ನು ಪರೀಕ್ಷಿಸುವ ಮಾನ್ಯರೇ,

ನಮ್ಮೂರ ಅಂಗನವಾಡಿಯ ಬಾವಿಗೆ ಇಣುಕಿ ನೋಡಿ, "ಪಾಚಿ ಇಲ್ಲ, ನೀರು ಶುದ್ಧ" ಎಂದು ತಾವು ಬರೆದುಕೊಟ್ಟಿದ್ದೀರಿ. ಇದ್ದ ಪಾಚಿ ಎಲ್ಲಿ ಹೋಯಿತು ಎಂದು ಕೇಳುವುದು ತಮ್ಮ ನಮೂನೆಯಲ್ಲಿ ಇಲ್ಲವೇನೋ. ಮನೆಯಲ್ಲಿ ಒಬ್ಬರೂ ಕಾಣದಿದ್ದರೆ ಎಲ್ಲರೂ ಕ್ಷೇಮ ಎಂದು ಬರೆಯುತ್ತೀರಾ?

ನನ್ನ ಓದು ಹೈಸ್ಕೂಲಿಗೆ ಮುಗಿಯಿತು. ಆದರೆ ಪುತ್ತೂರಿನಲ್ಲಿ ಕಾಲೇಜು ಓದುವ ಮೊಮ್ಮಗಳು ಗಾನಶ್ರೀ ಒಂದು ವಿದ್ಯೆ ಕಲಿತು ಬಂದಳು. ಆ ಬಾವಿಗೆ ಇಳಿಯುವುದು ನಮ್ಮ ತೋಟದ ಬದಿಯಲ್ಲಿ ಹರಿಯುವ ತೋಡಿನ ನೀರು. ಅದನ್ನು ಅಲ್ಲಲ್ಲಿಂದ ಬಾಟಲಿಗಳಿಗೆ ತುಂಬಿ, ಒಂದೊಂದು ಚಮಚ ಹಸಿರು ಪಾಚಿ ಬಿಟ್ಟು, ಜಗಲಿಯಲ್ಲಿ ಸಾಲಾಗಿ ಇಟ್ಟಳು. ನೀರು ಒಳ್ಳೆಯದಿದ್ದರೆ ಪಾಚಿ ಬೆಳೆಯುತ್ತದೆ, ವಿಷವಿದ್ದರೆ ಬಿಳಿಚಿಕೊಳ್ಳುತ್ತದೆ.

ವಿಷ ಬರುವುದು ತೋಡಿನ ಮೇಲ್ಬದಿಯ ಪೌಲೋಸರ ರಬ್ಬರ್ ಶೀಟು ಮಾಡುವ ಶೆಡ್ಡಿನಿಂದ ಎಂದು ನಾನು ಮೊದಲೇ ತೀರ್ಪು ಕೊಟ್ಟಾಗಿತ್ತು. ಅವರ ಗೇಟಿನಲ್ಲಿ ನಿಂತು ಬೈದೂ ಬಂದಿದ್ದೆ. ನಾಲ್ಕನೆಯ ದಿನ ನೋಡಿದರೆ ಅವರ ಶೆಡ್ಡಿನ ಕೆಳಗಿನ ನೀರಿನಲ್ಲಿ ಪಾಚಿ ಹಸಿರು. ಬಿಳಿಚಿದ್ದು ನಮ್ಮ ತೋಟದ ಕೆಳಗಿನದು. ಅಡಿಕೆಗೆ ಸಿಂಪಡಿಸುವ ಮೈಲುತುತ್ತಿನ, ಅಂದರೆ ತಾಮ್ರದ ಮದ್ದಿನ, ಡ್ರಮ್ಮುಗಳನ್ನು ನಮ್ಮವರು ಮೂವತ್ತು ವರ್ಷದಿಂದ ತೊಳೆಯುತ್ತಿದ್ದ ಜಾಗ ಅದು.

"ಅಜ್ಜಿ, ಈಗ ಯಾರಿಗೆ ಬೈಯುದು?" ಎಂದಳು ಹುಡುಗಿ.

ಹಲಸಿನ ಹಣ್ಣು ಹೊರಿಸಿಕೊಂಡು ಪೌಲೋಸರ ಮನೆಗೆ ಹೋದೆ. "ಎಂತ ದೇವಕಿಯಕ್ಕ, ಇವತ್ತು ಬೈಯಲಿಕ್ಕೆ ಹಣ್ಣು ಸಮೇತ ಬಂದದ್ದಾ?" ಎಂದು ಅವರ ಹೆಂಡತಿ ಮರಿಯಕುಟ್ಟಿ ನಕ್ಕರು. ಆಯುಷ್ಯದಲ್ಲಿ ನಾನು ತಪ್ಪಾಯಿತು ಎಂದದ್ದು ಅದು ಎರಡನೆಯ ಸಲ. ಮೊದಲನೆಯದು ತಮಗೆ ಸಂಬಂಧಿಸಿದ್ದಲ್ಲ.

ಬಾಟಲಿಗಳನ್ನು ತಮ್ಮ ಮೇಜಿನ ಮೇಲೆ ಇಟ್ಟಾಗ ತಾವು ಹೇಳಿದ್ದು: "ಅಮ್ಮಾ, ಪಾಚಿಯನ್ನೆಲ್ಲ ಆಫೀಸಿಗೆ ತರುದಾ? ಆಚೆ ಇಡಿ." ಇಟ್ಟೆ. ವಿಷದ ಹೆಸರು ಹೇಳಲು ಪಾಚಿಗೆ ಬರುವುದಿಲ್ಲ, ಒಪ್ಪುತ್ತೇನೆ. ತಮ್ಮ ಪ್ರಯೋಗಾಲಯ ಇರುವುದು ಅದಕ್ಕೇ ಅಲ್ಲವೇ? ನಾವು ತೋಡಿನಲ್ಲಿ ಡ್ರಮ್ಮು ತೊಳೆಯುವುದನ್ನು ನಿಲ್ಲಿಸಿದ್ದೇವೆ. ನಮ್ಮಿಂದ ಕೆಳಗಿನ ಏಳು ಮನೆಯವರು ನಿಲ್ಲಿಸಿಲ್ಲ. ಕೇಳಿದರೆ, "ನೀರು ಶುದ್ಧ ಅಂತ ಆಫೀಸಿನವರೇ ಬರೆದದ್ದು ಉಂಟಲ್ಲ ಮಾರಾಯ್ರೆ" ಎಂದು ತಮ್ಮ ಪತ್ರವನ್ನೇ ತೋರಿಸುತ್ತಾರೆ. ಆ ಬಾವಿಯ ನೀರು ಕುಡಿಯುವುದು ಹತ್ತೊಂಬತ್ತು ಮಕ್ಕಳು.

ಆದುದರಿಂದ ಆ ಪತ್ರವನ್ನು ಹಿಂದಕ್ಕೆ ಪಡೆಯಿರಿ. ನೀರಿನಲ್ಲಿ ತಾಮ್ರ ಎಷ್ಟಿದೆ ಎಂದು ಅಳೆಯಿರಿ. ತೋಡಿನಲ್ಲಿ ಡ್ರಮ್ಮು ತೊಳೆಯಬಾರದೆಂದು ನೋಟೀಸು ಹೊರಡಿಸಿ, ಮೊದಲನೆಯದನ್ನು ನಮ್ಮ ಗೇಟಿಗೇ ಅಂಟಿಸಿ. ಅದರಲ್ಲಿ ನನ್ನ ಹೆಸರು ಕಂಡರೆ ಉಳಿದ ಏಳು ಮನೆಯವರಿಗೆ ಎದುರಾಡಲು ಬಾಯಿ ಇರುವುದಿಲ್ಲ. ಅಂಟು ತರುವ ಶ್ರಮ ತಮಗೆ ಬೇಡ. ಮೈದಾ ಕಾಯಿಸಿ ಇಟ್ಟಿರುತ್ತೇನೆ.

ಇಂತಿ,
ಪಾಚಿಯಿಂದ ಬುದ್ಧಿ ಹೇಳಿಸಿಕೊಂಡ
ದೇವಕಿ, ಕಡಬ