ಬಿಟ್ಟ ಸಾಲು

ಜುಲೈ 3, 2007. ಮಂಗಳವಾರ

ಆಫೀಸಿನ ಚಾರ್ಟರ್ಡ್ ಬಸ್ ಇವತ್ತೂ ತಪ್ಪಿತು. ಲಕ್ಷ್ಮೀ ನಗರದಿಂದ ಬ್ಲೂಲೈನ್ ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಮಿನಿಸ್ಟ್ರಿಗೆ ಹೋದೆ. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. ಐವತ್ತೆರಡನೇ ವಯಸ್ಸಿನಲ್ಲಿ, ಸೆಕ್ಷನ್ ಆಫೀಸರ್ ಆಗಿ, ಸ್ಕೂಲ್ ಹುಡುಗಿಯ ಹಾಗೆ ಬೈಸಿಕೊಂಡೆ.

ಕಸ ಮೂರು ದಿನದಿಂದ ಬಾಗಿಲಲ್ಲೇ ಕೊಳೆಯುತ್ತಿದೆ. ಒಯ್ಯುವ ಓಮವತಿ ನಾಪತ್ತೆ. ಬೈಯುತ್ತಿದ್ದೆ, ಮಗಳು ತನ್ವಿ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: "ಅಮ್ಮಾ, ಉಸ್‌ಕೇ ಹಸ್ಬೆಂಡ್ ಕೀ ಡೆತ್ ಹೋ ಗಯೀ. ಹಿಂದಿನ ಗಲ್ಲಿ ಗಟರ್‌ನಲ್ಲಿ. ನಿಂಗೆ ಗೊತ್ತೇ ಇಲ್ವಾ?"

ಗೊತ್ತಿರಲಿಲ್ಲ. ನಮ್ಮ ಮೆಟ್ಟಿಲಿಂದ ನೂರು ಹೆಜ್ಜೆ ಇರಬಹುದು. ಆ ಹೊತ್ತು ನಾನು ಬಡವರ ಮೇಲೆ ಕಥೆ ಬರೆಯುತ್ತಾ ಕೂತಿದ್ದೆನೋ ಏನೋ. ನಾಚಿಕೆಯಾಯಿತು.

ಜುಲೈ 8, ಭಾನುವಾರ. ಬೆಳಿಗ್ಗೆ 11

ಓಮವತಿ ಬಂದಿದ್ದಳು. ಕುರ್ಚಿ ತೋರಿಸಿದೆ, ನೆಲದಲ್ಲೇ ಕೂತಳು.

"ಮೇಡಂಜೀ, ನೀವು ಕಥೆ ಲಿಖನೇವಾಲೀ ಅಲ್ವಾ? ಒಂದು ಅರ್ಜಿ ಬರ್ಕೊಡಿ."

ಸಂಗತಿ ಇಷ್ಟು. ಗಂಡ ಜಗ್‌ಪಾಲ್ ಒಬ್ಬ ಠೇಕೇದಾರನ, ಅಂದರೆ ಕಂಟ್ರಾಕ್ಟರನ, ಕೆಳಗೆ ಗಟರಿಗೆ ಇಳಿದು ಕೊಳೆ ತೆಗೆಯುತ್ತಿದ್ದ. ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಒಳಗೆ ಗ್ಯಾಸ್. ಮೇಲೆ ಬಂದದ್ದು ಹೆಣ. ಪೊಲೀಸರ ರಿಪೋರ್ಟಿನಲ್ಲಿ ಮಾತ್ರ ಬೇರೆಯೇ ಇದೆ— ಕುಡಿದ ಅಮಲಿನಲ್ಲಿ ತೆರೆದ ಗುಂಡಿಗೆ ತಾನೇ ಬಿದ್ದ. ಆ ದಿನ ಅವನನ್ನು ಕೆಲಸಕ್ಕೇ ಕರೆದಿರಲಿಲ್ಲವಂತೆ.

"ಕೆಲಸ ಮಾಡ್ತಾ ಸತ್ತ ಅಂತ ಸರ್ಕಾರ ಬರ್ಕೊಟ್ರೆ ಸಾಕು. ಬೇರೆ ಎಲ್ಲಾ ಆಮೇಲೆ. ಮಗಳನ್ನ ಸ್ಕೂಲಲ್ಲಿ ಶರಾಬೀ ಕೀ ಬೇಟೀ, ಕುಡುಕನ ಮಗಳು ಅಂತಾರೆ."

ಕುಡಿದಿದ್ದನಾ, ಕೇಳಿದೆ. ನನ್ನನ್ನೇ ನೇರ ನೋಡಿದಳು.

"ಕುಡೀದೆ ಯಾರು ಇಳೀತಾರೆ ಮೇಡಂಜೀ? ಆ ವಾಸನೆ... ಠೇಕೇದಾರನೇ ಬೆಳಿಗ್ಗೆ ಬಾಟ್ಲಿ ತರ್ತಾನೆ. ಕುಡಿಸಿ ಇಳಿಸ್ತಾನೆ. ಮನೇಲಿ ಅವನು ಮುಟ್ತಿರ್ಲಿಲ್ಲ. ಇದನ್ನೂ ಬರೀರಿ."

ಬರೆಯುತ್ತೇನೆ ಎಂದೆ.

ಜುಲೈ 9, ಸೋಮವಾರ

ಅರ್ಜಿ ಮುಗಿಯಿತು. ಇಂಗ್ಲಿಷಿನಲ್ಲಿ ಎರಡು ಪುಟ. ಇಂಗ್ಲಿಷಾದರೆ ಫೈಲು ಬೇಗ ಓಡುತ್ತದೆ. ನಮ್ಮ ಮಿನಿಸ್ಟ್ರಿಯ ವಿಳಾಸವನ್ನೇ ಹಾಕಿದೆ, ಗಟರ್ ನೋಡಿಕೊಳ್ಳುವ ಇಲಾಖೆಯವರ ಮೇಲೆ ನಮ್ಮ ಮಾತು ಸ್ವಲ್ಪ ನಡೆಯುತ್ತದೆ. ನನ್ನ ಹೆಸರು ಎಲ್ಲೂ ಇಲ್ಲ. ಸರ್ಕಾರಿ ನೌಕರಳು ಸರ್ಕಾರಕ್ಕೇ ದೂರು ಬರೆದುಕೊಟ್ಟಳು ಎಂದರೆ ನನ್ನ ಕಥೆ ಮುಗಿದಂತೆ.

ಕುಡಿತದ ಸಾಲು ಬರೆದೆ. ಹೊಡೆದುಹಾಕಿದೆ. ಮತ್ತೆ ಬರೆದೆ. ಕುಡಿದಿದ್ದ ಅಂದಕೂಡಲೇ ಓದುವವನು ಮುಂದೆ ಓದುವುದಿಲ್ಲ, ನನಗೆ ಗೊತ್ತು. ಕೊನೆಗೆ ಹೀಗೆ ಮಾಡಿದೆ: ಜೀವಮಾನದಲ್ಲಿ ಮದ್ಯ ಮುಟ್ಟಿದವನಲ್ಲ. ಎರಡು ಸಲ ಜೋರಾಗಿ ಓದಿಕೊಂಡೆ. ಚೆನ್ನಾಗಿ ಬಂದಿದೆ.

ಓಮವತಿ ಹೆಬ್ಬೆಟ್ಟು ಒತ್ತಿದಳು. "ಎಲ್ಲಾ ಬಂತಾ?"

ಎಲ್ಲಾ ಬಂತು ಎಂದೆ.

ಆಗಸ್ಟ್ 19, ಭಾನುವಾರ

ಕನ್ನಡ ಬಳಗದ ಸಭೆ. ವಿಷಯ— ಅನ್ಯಾಯ ಮತ್ತು ಲೇಖಕರ ಹೊಣೆ. ಮುಕ್ಕಾಲು ಗಂಟೆ ಕೊರೆದೆ. ಶಾಲು, ಹಾರ, ಬಿಸಿಬೇಳೆಬಾತ್. ಅಧ್ಯಕ್ಷ ಬಸವಲಿಂಗಪ್ಪನವರು ಮೈಕ್ ಹಿಡಿದು, "ಶೈಲಜಾ ಮೇಡಂ ಕಥೇಲಿ ಬರೋ ಬಡವರು ಎಷ್ಟು ಒಳ್ಳೆಯವರು ಅಂದ್ರೆ, ದೇವರಂಥವರು!" ಚಪ್ಪಾಳೆ.

ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಸೆಪ್ಟೆಂಬರ್ 12, ಬುಧವಾರ

ಅರ್ಜಿ ನನ್ನ ಟೇಬಲ್ಲಿಗೇ ಬಂತು. ಜೊತೆಗೆ ಕೆಳಗಿನವರ ವರದಿ, ಪೋಸ್ಟ್‌ಮಾರ್ಟಂ ಪ್ರತಿ. ಹೊಟ್ಟೆಯಲ್ಲಿ ಮದ್ಯ ಪತ್ತೆ. ಅಂಡರ್ ಸೆಕ್ರೆಟರಿ ಸಾಹೇಬರ ಷರಾ: ಮದ್ಯ ಮುಟ್ಟಿಲ್ಲವೆಂಬ ಅರ್ಜಿದಾರಳ ಹೇಳಿಕೆ ಶುದ್ಧ ಸುಳ್ಳು. ಉಳಿದದ್ದನ್ನು ನಂಬುವುದು ಹೇಗೆ? ಕ್ಲೋಸ್ ಮಾಡಿ, ಉತ್ತರದ ಡ್ರಾಫ್ಟ್ ಹಾಕಿ.

ಪೋಸ್ಟ್‌ಮಾರ್ಟಂ ಅಂತ ಒಂದು ಇರುತ್ತದೆ ಎಂದು ಹೊಳೆಯಲೇ ಇಲ್ಲ. ಇಪ್ಪತ್ತೆಂಟು ವರ್ಷ ಫೈಲು ತಿರುವಿದವಳಿಗೆ! ಅವಳು ನಿಜ ಹೇಳಿದ್ದಳು. ಅದಕ್ಕೆ ಬಣ್ಣ ಬಳಿದವಳು ನಾನು. ಸುಳ್ಳಿಯಾದವಳು ಅವಳು.

ಸೆಪ್ಟೆಂಬರ್ 13, ಗುರುವಾರ

ಬೆಳಿಗ್ಗೆ ನೋಟ್ ಹಾಕಿದೆ— ಗಟರಿಗೆ ಇಳಿಯುವವರು ವಾಸನೆ ತಡೆಯಲಾರದೆ ಕುಡಿಯುತ್ತಾರೆ, ಠೇಕೇದಾರರೇ ಕುಡಿಸುತ್ತಾರೆ, ವಿಚಾರಣೆ ಆಗಬೇಕು.

ಸಾಹೇಬರು ಕರೆದರು. ಕೆಟ್ಟ ಮನುಷ್ಯನಲ್ಲ. ಟೀ ತರಿಸಿದರು.

"ಯೇ ಸಬ್ ಅರ್ಜಿಯಲ್ಲಿ ಎಲ್ಲಿದೆ ಮೇಡಂ?"

"ಇಲ್ಲ ಸರ್."

"ಅಚ್ಛಾ. ಆಕೆ ಬರೀದೆ ಇದ್ದದ್ದು ನಿಮಗೆ ಹೇಗೆ ಗೊತ್ತಾಯ್ತು?"

ಬರೆದವಳು ನಾನೇ ಎನ್ನಬೇಕಿತ್ತು. ತುಟಿಯವರೆಗೂ ಬಂದಿತ್ತು. ರಿಟೈರ್‌ಮೆಂಟಿಗೆ ಎಂಟು ವರ್ಷ, ತನ್ವಿಯ ಓದು... ಪೇಪರಿನಲ್ಲಿ ಓದಿದ್ದೆ ಸರ್ ಎಂದೆ. ಆಕೆ ಹೊಸ ಅರ್ಜಿ ಕೊಟ್ಟರೆ, ಕೇಳಿದೆ.

ನಕ್ಕರು. "ಮೊದ್ಲು ಮುಟ್ಟೇ ಇಲ್ಲ ಅಂದವಳು ಈಗ ಕುಡಿಸಿದ್ರು ಅಂದ್ರೆ ಯಾರು ನಂಬ್ತಾರೆ?"

ನೋಟ್ ವಾಪಸ್ ತೆಗೆದುಕೊಂಡೆ. ಟೀ ಕುಡಿದೆ. ಅದನ್ನೂ ಬಿಡಲಿಲ್ಲ.

ಸೆಪ್ಟೆಂಬರ್ 14

ಡ್ರಾಫ್ಟ್ ಹಾಕಿದೆ. ಐದು ಸಾಲು. ಒಂದು ತಿದ್ದುಪಡಿಯೂ ಇಲ್ಲದೆ ಪಾಸಾಯಿತು.

ಅಕ್ಟೋಬರ್ 7, ಭಾನುವಾರ. ಮಧ್ಯಾಹ್ನ 12

ಮೂರು ವಾರ ಏನೂ ಬರೆದಿಲ್ಲ. ಕಥೆಯಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಓಮವತಿ ಕಸದ ಡಬ್ಬ ಇಳಿಸಿ ಒಳಗೆ ಬಂದಳು. ಕೈಯಲ್ಲಿ ನಮ್ಮ ಮಿನಿಸ್ಟ್ರಿಯ ಲಕೋಟೆ. ಒಡೆದಿರಲಿಲ್ಲ. ನೀವೇ ಓದಿ ಹೇಳಿ ಅಂತ.

ಓದಿದೆ. ನನ್ನದೇ ಐದು ಸಾಲು, ಇಂಗ್ಲಿಷಿನಿಂದ ಹಿಂದಿಗೆ ಮಾಡಿ ಹೇಳುತ್ತಾ. ಮೃತನು ಮದ್ಯ ಸೇವಿಸಿದ್ದು ದೃಢಪಟ್ಟಿದೆ... ಅರ್ಜಿಯಲ್ಲಿನ ಹೇಳಿಕೆ ವಾಸ್ತವಕ್ಕೆ ವಿರುದ್ಧವಾಗಿದೆ... ಪ್ರಕರಣ ಮುಕ್ತಾಯ. 'ವಿರುದ್ಧ' ಎಂದಿದ್ದಲ್ಲಿ ಓದಿ ಹೇಳದೆ ಮುಂದಕ್ಕೆ ಹಾರಿದೆ. ಆ ಒಂದು ವಾಕ್ಯ ನುಂಗಿಕೊಂಡೆ.

ಅವಳು ಅಳಲಿಲ್ಲ. ಸಿಟ್ಟೂ ಮಾಡಲಿಲ್ಲ. ಯೋಚಿಸಿದಳು.

"ಕುಡಿದಿದ್ದ ಅಂತ ನಾವೇ ಬರ್ದಿದ್ವಲ್ಲ ಮೇಡಂಜೀ. ಯಾಕೆ ಅಂತಾನೂ ಬರ್ದಿದ್ವಿ. ಆ ಸಾಲು ಅವ್ರು ಓದ್ಲಿಲ್ವಾ?"

"ಓದಿಲ್ಲ" ಎಂದೆ. ದೇವರೇ, ಅದನ್ನೂ ಎಷ್ಟು ಸಲೀಸಾಗಿ ಹೇಳಿದೆ.

"ಚಲೋ, ಇನ್ನೊಂದ್ಸಲ ಬರೀರಿ. ಅದನ್ನೇ ಮೊದ್ಲು ಹಾಕಿ. ದಪ್ಪ ಅಕ್ಷರದಲ್ಲಿ ಹಾಕಿ. ನಾನು ಕೂತಿರ್ತೀನಿ."

ಕೂತಿದ್ದಾಳೆ. ನೆಲದ ಮೇಲೆ, ಗೋಡೆಗೆ ಒರಗಿ. ಬೇಡ ಎನ್ನಲಾಗಲಿಲ್ಲ. ಬರೆಯಲೂ ಆಗುತ್ತಿಲ್ಲ. ಸುಮ್ಮನೆ ಕೂರುವುದು ಹೇಗೆಂದು ಈ ಡೈರಿ ತೆರೆದೆ. ಅರ್ಜಿ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾಳೆ. ಪೆನ್ನು ಹೋದ ಕಡೆಯೆಲ್ಲ ಅವಳ ಕಣ್ಣು. ನಿಲ್ಲಿಸಿದರೆ ಕೇಳುತ್ತಾಳೆ, ಅದಕ್ಕೇ ನಿಲ್ಲಿಸದೆ ಬರೆಯುತ್ತಿದ್ದೇನೆ.

"ಆಯ್ತಾ ಮೇಡಂಜೀ?"

ಇನ್ನೊಂದೇ ಸಾಲು ಎಂದೆ. ಹೆಬ್ಬೆಟ್ಟು ಎಲ್ಲಿ ಒತ್ತಲಿ ಅಂತ ಎದ್ದು ಹತ್ತಿರ ಬರುತ್ತಿದ್ದಾಳೆ—