ಎಡಗಡೆಯ ಬಟನ್

ಮನೆಯಿಂದ,
ತಾರೀಖು ಹನ್ನೊಂದು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಹೊಟ್ಟೆನೋವು ಹೇಗಿದೆ? ಹದಿನೆಂಟು ದಿನವಾದರೂ ಬಿಡದ ಹೊಟ್ಟೆನೋವನ್ನು ನಾನಂತೂ ಕಂಡಿಲ್ಲ, ಕೇಳಿಲ್ಲ. ಫೋನ್ ಮಾಡಿದಾಗಲೆಲ್ಲ ಅತ್ತಿಗೆ ಎತ್ತುತ್ತಾಳೆ. ನೀನು ಮಲಗಿರುತ್ತೀಯಂತೆ, ಇಲ್ಲವೇ ಸ್ನಾನಕ್ಕೆ ಹೋಗಿರುತ್ತೀಯಂತೆ. ನಿನ್ನ ಮಾವನ ಮನೆಯಲ್ಲಿ ಅಷ್ಟೊಂದು ನೀರು ಬರುತ್ತದೆಂದು ಗೊತ್ತಿರಲಿಲ್ಲ. ಅದಕ್ಕೇ ಈ ಕಾಗದ. ಕಾಗದ ಬಂದರೆ ಓದದೆ ಇರುವವನಲ್ಲ ನೀನು.

ಇವರು ಚೆನ್ನಾಗಿದ್ದಾರೆ ಎಂದು ಬರೆಯಬೇಕು, ಬರೆದಿದ್ದೇನೆ. ಹೊಲಿಗೆ ಬಿಚ್ಚಿದರು. ಎಡಗೈಯಲ್ಲಿ ಮೂರೇ ಬೆರಳು ಉಳಿದಿದ್ದರೂ ಎಲ್ಲ ನಾನೇ ಮಾಡಿಕೊಳ್ಳುತ್ತೇನೆಂದು ಹಟ. ಅಂಗಿ ತೊಡಲು ಅರ್ಧ ಗಂಟೆ. ನಾನು ಕೈ ಚಾಚಿದರೆ "ನಾನೇನು ಮಗೂನಾ?" ಅಂತ ಸಿಡಿಯುತ್ತಾರೆ. ಟವೆಲು ಹಿಂಡಲಾಗುವುದಿಲ್ಲ, ಹಿಂಡಿಕೊಡು ಎಂದು ಕೇಳುವುದೂ ಇಲ್ಲ. ಒದ್ದೆಯನ್ನೇ ನೇತುಹಾಕುತ್ತಾರೆ, ನೆಲವೆಲ್ಲ ನೀರು, ಜಾರಿ ಬೀಳುವವಳು ನಾನು. ನೋಡಲು ಬಂದವರದು ಒಂದೇ ಮಾತು: "ಬಲಗೈ ಉಳೀತಲ್ಲ, ಪುಣ್ಯ." ಕೇಳಿ ಕೇಳಿ ಕಿವಿ ತೂತು ಬಿದ್ದಿದೆ.

ಇನ್ನು ನಿಮ್ಮ ಕಾರ್ಖಾನೆಯ ಸಮಾಚಾರ. ನೆಲಕ್ಕೆಲ್ಲ ಹಳದಿ ಗೆರೆ ಎಳೆದಿದ್ದಾರಂತೆ. ಗೇಟಿನಲ್ಲಿ 'ಸುರಕ್ಷತೆ ಮೊದಲು' ಅಂತ ಬೋರ್ಡು ಬಂದಿದೆ, ಬೆರಳು ಹೋದ ಮೇಲೆ. ಭಾನುವಾರ ಗುಮಾಸ್ತರು ಒಂದು ಬುಟ್ಟಿ ಹಣ್ಣು ತಂದರು. ಹಣ್ಣಿನ ಕೆಳಗೆ ಟೈಪು ಮಾಡಿದ ಕಾಗದ: ಕೆಲಸಗಾರನೇ ಅವಸರಪಟ್ಟು ಪೆಟ್ಟಿಗೆಯ ಹಾಳೆ ಕತ್ತರಿಸುವ ಪ್ರೆಸ್ಸಿನ ಎಡಗಡೆಯ ಬಟನ್ನಿಗೆ ರಟ್ಟು ತುರುಕಿದ್ದನಂತೆ, ಇವರು ಸಹಿ ಹಾಕಬೇಕಂತೆ. ಎರಡೂ ಬಟನ್ನನ್ನು ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ಆ ಪ್ರೆಸ್ಸು ಕೆಳಗಿಳಿಯಬೇಕು, ಆಗ ಕೈಗಳು ಹೊರಗೇ ಇರುತ್ತವೆ ಎಂದು ನನಗೆ ಹೇಳಿಕೊಟ್ಟವನು ನೀನು. ಹೊಸದಾಗಿ ಸೂಪರ್‌ವೈಸರ್ ಆಗಿದ್ದೆ, ಊಟಕ್ಕೆ ಕೂತವನು ಎರಡು ಲೋಟ ಮುಂದಿಟ್ಟುಕೊಂಡು ತೋರಿಸಿದ್ದೆ. ದಿನಕ್ಕೆ ಇನ್ನಷ್ಟು ಪೆಟ್ಟಿಗೆ ಬೇಕು ಎಂದು ಮಾಲೀಕರು ಅಂದದ್ದಕ್ಕೆ ಎಡಗಡೆಯ ಬಟನ್ನು ಒತ್ತಿಕೊಂಡೇ ಇರಲಿ ಎಂದು ಅದಕ್ಕೆ ರಟ್ಟು ಮಡಿಸಿ ತುರುಕಿದವನೂ ನೀನೇ. ಅವತ್ತಿನಿಂದ ಇವರ ಬಲಗೈ ಬಟನ್ನಿನ ಮೇಲೆ, ಎಡಗೈ ಪ್ರೆಸ್ಸಿನ ಒಳಗೆ. ಈಗ ಆ ರಟ್ಟನ್ನು ಕಿತ್ತು ಬಟನ್ನನ್ನು ಒರೆಸಿಟ್ಟಿದ್ದಾರೆ. ವಿಚಾರಣೆ ಮುಗಿಯಲಿ, ಮತ್ತೆ ತುರುಕುತ್ತಾರೆ. ಪೆಟ್ಟಿಗೆ ಕಾರ್ಖಾನೆಯಲ್ಲಿ ರಟ್ಟಿಗೇನು ಬರ?

ಇವರು ಸಹಿ ಹಾಕಲಿಲ್ಲ. ಹಾಗಂತ ನಿನ್ನ ಹೆಸರನ್ನೂ ಹೇಳುವುದಿಲ್ಲ. "ನನ್ನ ಎತ್ಕೊಂಡು ಓಡಿದ್ದು ಅವನೇ ಕಣೆ" ಅಂತ ಗೋಡೆಯ ಕಡೆ ತಿರುಗಿಬಿಡುತ್ತಾರೆ. ಹೌದು, ನೀನೇ ಎತ್ತಿಕೊಂಡು ಓಡಿದೆ. ಆಸ್ಪತ್ರೆಯ ಬೆಂಚಿನ ಮೇಲೆ ನನಗಿಂತ ಜೋರಾಗಿ ಅತ್ತವನೂ ನೀನೇ. ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆಗೆಂದು ಸರ್ಕಾರದ ಇನ್‌ಸ್ಪೆಕ್ಟರ್ ಕಾರ್ಖಾನೆಗೆ ಬರುತ್ತಾರೆ. ನೀನು ಬಾಯಿ ಬಿಡದಿದ್ದರೆ ತಪ್ಪೆಲ್ಲ ಇವರದೇ ಎಂದು ಬರೆದುಕೊಂಡು ಹೋಗುತ್ತಾರೆ. ಬಾಯಿ ಬಿಟ್ಟರೆ ನಿನ್ನ ಕೆಲಸಕ್ಕೆ ಕುತ್ತು ಬರಬಹುದು, ಅದೂ ಗೊತ್ತು, ನನಗೂ ಹೆದರಿಕೆಯಿದೆ. ಆದರೂ ನಿನ್ನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ, ಮಾಲೀಕರ ಮೇಲೂ ಇಲ್ಲ. ಅವರೇನು ನನ್ನ ಅಣ್ಣನೇ?

ಅತ್ತಿಗೆಯನ್ನು ಕೇಳಿದೆನೆಂದು ಹೇಳು, ಫೋನ್ ಎತ್ತಿ ಎತ್ತಿ ಅವಳಿಗೂ ಸಾಕಾಗಿರಬೇಕು. ಮಕ್ಕಳಿಗೆ ಅತ್ತೆಯ ಮುತ್ತು. ನೀನು ಹಿರಿಯ, ನಿನಗೆ ನಮಸ್ಕಾರ. ಈ ಸಲ ಅರೆಮನಸ್ಸಿನದು.

ನಿನ್ನ ತಂಗಿ

ತಾ.ಕ.: ಬಸ್ಸು ಹೊರಡುವ ಹೊತ್ತಾಯಿತು, ಡ್ರೈವರ್ ಕೈಯಲ್ಲೇ ಕಳಿಸುತ್ತಿದ್ದೇನೆ, ನಾಳೆ ನಿನಗೆ ಸಿಗುತ್ತದೆ. ಭಾನುವಾರ ಗುಮಾಸ್ತರು ಹೋಗುವಾಗ ನನ್ನನ್ನು ಬಾಗಿಲಾಚೆ ಕರೆದು, ಮಾಲೀಕರು ಕನಿಕರಪಟ್ಟು ಇವರ ಜಾಗವನ್ನು ನನಗೇ ಕೊಟ್ಟಿದ್ದಾರೆ ಎಂದರು. ಅದೇ ಪ್ರೆಸ್ಸು. ಮನೆ ನಡೆಯಬೇಕಲ್ಲ, ಒಪ್ಪಿಕೊಂಡೆ. ಇವರಿಗೆ ಇನ್ನೂ ಹೇಳಿಲ್ಲ. ಗುರುವಾರ ನೀನು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಇನ್‌ಸ್ಪೆಕ್ಟರ್ ಆ ಪ್ರೆಸ್ಸನ್ನು ನಿಲ್ಲಿಸುತ್ತಾರೆ. ಬಾರದಿದ್ದರೆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅದರ ಮುಂದೆ ನಾನು ಕೂತಿರುತ್ತೇನೆ.