ಅತ್ತೆಯ ಪೆಟ್ಟಿಗೆ, ನನ್ನ ಗಂಟಲು

ಜೂನ್ 2, ಸೋಮವಾರ

ಬೆಳಿಗ್ಗೆ ಮತ್ತೆ ರೀಬೂಟ್. ಅತ್ತೆ ಕಾಫಿ ಗುಂಡಿ ಒತ್ತಿದ್ದಾರೆ, ಪೆಟ್ಟಿಗೆ ಅಲ್ಲೇ ಸಿಕ್ಕಿಕೊಂಡಿದೆ — "ಕಾಫಿ ತಣ್ಣಗಾಗಿದೆ, ತಣ್ಣಗಾಗಿದೆ, ತಣ್ಣಗಾಗಿದೆ…" ಅದೂ ನನ್ನ ಧ್ವನಿಯಲ್ಲಿ.

ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಅತ್ತೆಯ ಮಾತು ಹೋಯ್ತು. ಆಗ ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ ಅದನ್ನು ನಡೆಸೋ ಲಿನಕ್ಸ್ ಸಾಫ್ಟ್‌ವೇರ್ ಹಾಕಿ, ಸ್ಪೀಕರ್, ಹದಿನಾರು ಗುಂಡಿ ಜೋಡಿಸಿ ಕೊಟ್ಟೆ. ಗುಂಡಿಗೊಂದು ಮಾತು. ಆರಿಸಿದ್ದು ಅತ್ತೆ. ರೆಕಾರ್ಡಿಂಗಿಗೆ ಮನೆಯಲ್ಲಿ ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ, ನಾನೇ ಕೂತೆ. ಅವತ್ತಿಂದ ನನ್ನನ್ನು ನಾನೇ ಬೈತಾ ಇದೀನಿ.

ಮೆಮೊರಿ ಕಾರ್ಡ್ ಸಾಯ್ತಿದೆ. ಬೋರ್ಡೂ ಮುದಿಯಾಗಿದೆ. ಹೊಸದು ತಂದಾಯ್ತು. "ಕಾರ್ಡ್ ಇದರಿಂದ ತೆಗೆದು ಅದಕ್ಕೆ ಹಾಕಿದ್ರೆ ಆಯ್ತಲ್ಲ?" — ಇವರು. ಗಂಡಂದಿರ ಬಾಯಲ್ಲಿ ಎಲ್ಲಾ ಐದು ನಿಮಿಷದ ಕೆಲಸ.

ಜೂನ್ 3, ಮಂಗಳವಾರ

ಆಗಲಿಲ್ಲ. ಹಳೇ ಕಾರ್ಡಿನ ಲಿನಕ್ಸ್‌ಗೆ ಹೊಸ ಬೋರ್ಡಿನ ಗುರುತೇ ಇಲ್ಲ. ಕಪ್ಪು ಪರದೆ. ಹಸಿರು ದೀಪ ಒಂದಿಷ್ಟು ಮಿಣುಕಿ ಸುಮ್ಮನಾಗುತ್ತೆ, ನನಗೂ ನಿನಗೂ ಸಂಬಂಧವಿಲ್ಲ ಅನ್ನೋ ಹಾಗೆ. ಸರಿ, ಹೊಸ ಕಾರ್ಡು, ಹೊಸ ಲಿನಕ್ಸ್. ಡೌನ್‌ಲೋಡ್ ಇನ್ನೇನು ಮುಗೀತು ಅನ್ನೋವಾಗ ನೆಟ್ ಹೋಯ್ತು. ಮತ್ತೆ ಮೊದಲಿಂದ.

ಅಂಗಡಿಯಲ್ಲಿ ದಿನವಿಡೀ ಕಂಡವರ ಲ್ಯಾಪ್‌ಟಾಪ್ ರಿಪೇರಿ. ಮನೆಗೆ ಬಂದ್ರೆ ಇದು.

ಅತ್ತೆ ಸ್ಲೇಟಲ್ಲಿ ಬರೆದು ತೋರಿಸಿದರು: "ಆಯ್ತಾ?"

ಇಲ್ಲ ಅತ್ತೆ.

ಅಳಿಸಿ ಮತ್ತೆ ಬರೆದರು: "ಈಗ?"

ಜೂನ್ 4, ಬುಧವಾರ, ಸಂಜೆ 7

ಬೂಟ್ ಆಯ್ತು! ಕುಣಿಯೋಣ ಅನ್ನೋಷ್ಟರಲ್ಲಿ ಪರದೆ ಮೂಲೆಯಲ್ಲಿ ಮಿಂಚಿನ ಗುರುತು. ಕರೆಂಟ್ ಸಾಲ್ತಿಲ್ಲವಂತೆ. ಹಳೇ ಚಾರ್ಜರ್ ಇದರ ಹೊಟ್ಟೆಗೆ ಸಾಲಲ್ಲ. ಚಾರ್ಜರ್ ಬದಲಾಯಿಸಿದೆ. ಮಿಂಚು ಹೋಯ್ತು. ಹಳೇ ಮಾತುಗಳನ್ನು ಇದಕ್ಕೂ ತುಂಬಿ ಬೇರೆ ಗುಂಡಿ ಜೋಡಿಸಿದೆ. ಸದ್ದೇ ಇಲ್ಲ. ಪುಣ್ಯಾತ್ಮರು ಹೊಸ ಬೋರ್ಡಲ್ಲಿ ಸ್ಪೀಕರ್ ಚುಚ್ಚೋ ತೂತನ್ನೇ ಇಟ್ಟಿಲ್ಲ.

ಪರದೆಗೆ ಅಂತ ಹಾಲ್‌ನ ಟಿವಿಗೆ ಉದ್ದದ ಕೇಬಲ್ ಎಳೆದಿದ್ದೆ. ಸದ್ದು ಆ ದಾರಿ ಹಿಡಿದಿದೆ ಅಂತ ನನಗೇನು ಗೊತ್ತು? ಹಾಲ್‌ನಲ್ಲಿ ಇವರ ಮ್ಯಾನೇಜರ್ ಹೆಂಡತಿ ಸಮೇತ ಕೂತಿದ್ದಾರೆ. ಒಳಗೆ ಅತ್ತೆ ಒಂದು ಗುಂಡಿ ಒತ್ತಿ ನೋಡಿದರು. ಟಿವಿ ನನ್ನ ಧ್ವನಿಯಲ್ಲಿ ಗುಡುಗಿತು: "ಬಾತ್‌ರೂಮಿಗೆ ಹೋಗ್ಬೇಕು!"

ಮ್ಯಾನೇಜರ್ ಹೆಂಡತಿ ನನ್ನ ಕಡೆ ತಿರುಗಿ, "ಹೋಗಿ ಬನ್ನಿ, ಪರವಾಗಿಲ್ಲ" ಅಂದರು.

ಜೂನ್ 7, ಶನಿವಾರ

ಬೋರ್ಡ್ ಮುಟ್ಟೋಕೆ ಮನಸ್ಸಿರಲಿಲ್ಲ. ಇವತ್ತು ಆಸ್ಪತ್ರೆ. ಹಳೇ ಪೆಟ್ಟಿಗೆಯನ್ನೇ ಒಯ್ದೆವು.

ಇನ್ನೊಂದು ಸಣ್ಣ ಆಪರೇಷನ್ ಮಾಡಿ ಕತ್ತಿನಲ್ಲಿ ಗಾಳಿ ತಿರುಗಿಸೋ ವಾಲ್ವ್ ಕೂರಿಸಿದರೆ ಸ್ವಲ್ಪ ಮಾತು ಬರಬಹುದು ಅಂದರು ಡಾಕ್ಟರಮ್ಮ. ಇವರು ಉಸಿರೂ ತಗೊಳ್ಳಲಿಲ್ಲ. "ಮಾಡಿಬಿಡಿ ಡಾಕ್ಟ್ರೇ."

"ಬೇಡ." — ನನ್ನ ಧ್ವನಿ.

"ನೀನು ಸ್ವಲ್ಪ ಸುಮ್ನಿರ್ತೀಯಾ?"

"ನಾನಲ್ಲ ರೀ, ಅತ್ತೆ!"

"ಬೇಡ. ಬೇಡ. ಬೇಡ." ಅತ್ತೆ ಒತ್ತುತ್ತಲೇ ಇದ್ದಾರೆ, ಡಾಕ್ಟರಮ್ಮ ನನ್ನ ಬಾಯನ್ನೇ ನೋಡ್ತಿದ್ದಾರೆ. ಅತ್ತೆ ಸ್ಲೇಟು ತೆಗೆದರು. ಅವರು ಒಂದು ಸಾಲು ಬರೆಯೋಷ್ಟರಲ್ಲಿ ಇವರು ರೂಮು, ತಾರೀಖು ಅಂತ ಮಾತಲ್ಲಿ ಎಲ್ಲೋ ಮುಂದೆ ಹೋಗಿದ್ದರು. ಅತ್ತೆ ಅರ್ಧ ಬರೆದದ್ದನ್ನು ಅಂಗೈಯಲ್ಲಿ ಒರೆಸಿ ಸ್ಲೇಟು ಚೀಲಕ್ಕೆ ತುರುಕಿದರು. ಮನೆಗೆ ಬಂದ ಮೇಲೆ ಕೇಳಿದೆ. ತಲೆಯಾಡಿಸಿ ಗೋಡೆ ಕಡೆ ತಿರುಗಿದರು.

ಶುಕ್ರವಾರ ಮತ್ತೆ ಹೋಗಬೇಕು. ತಾರೀಖು ಗೊತ್ತುಮಾಡೋಕೆ.

"ಆ 'ಬೇಡ' ನೀನೇ ತಾನೇ ತುಂಬಿಸಿದ್ದು?" ಅಂದರು ಇವರು, ಊಟಕ್ಕೆ ಕೂತಾಗ. ತಟ್ಟೆ ಬಿಟ್ಟು ಎದ್ದೆ.

ಜೂನ್ 8, ಭಾನುವಾರ

ಗುಂಡಿ ಸಾಕು. ಕೀಬೋರ್ಡ್ ಹಾಕ್ತೀನಿ. ಅತ್ತೆ ಟೈಪ್ ಮಾಡಿದ್ದನ್ನು ಮಷೀನೇ ಓದಲಿ, ನನ್ನ ಗಂಟಲು ಬೇಡ. ಫೋನಲ್ಲಿ ಮೊದಲೇ ಪ್ರಯತ್ನ ಮಾಡಿದ್ವಿ — ಅಕ್ಷರ ಸಣ್ಣ, ಬೆರಳು ದಪ್ಪ. ಅತ್ತೆ ಎಸೆದ ಏಟಿಗೆ ಫೋನ್ ಸೋಫಾ ಕೆಳಗೆ ಸೇರಿತ್ತು.

ಕನ್ನಡ ಹಾಕಿದರೆ ಪರದೆ ತುಂಬ ಚೌಕ ಚೌಕ. ಫಾಂಟ್ ಹಾಕಿದೆ. ಅಕ್ಷರ ಬಂತು, ಒತ್ತಕ್ಷರ ಮುನಿಸಿಕೊಂಡು ಪಕ್ಕದಲ್ಲಿ ನಿಂತಿತು. ಅದನ್ನು ಓಲೈಸಿ ಸರಿ ಮಾಡೋಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಯುಎಸ್‌ಬಿ ಸ್ಪೀಕರ್ ಚುಚ್ಚಿ ಧ್ವನಿ. ಅತ್ತೆ ಕೇಳಿ ಸ್ಲೇಟಲ್ಲಿ ಬರೆದರು: "ಇವನ್ಯಾರು, ಮೂಗು ಕಟ್ಟಿದವನು?"

ಅತ್ತೆ ಹೊಲಿಗೆ ಟೀಚರ್ ಆಗಿದ್ದವರು. ಧ್ವನಿಯನ್ನೂ ಅಳತೆ ಕೊಟ್ಟೇ ಹೊಲಿಸಿಕೊಂಡರು. ವೇಗ ಸ್ವಲ್ಪ ಸಡಿಲ. ಸ್ವರ ಬಿಗಿ. ಇನ್ನೂ ಬಿಗಿ. ಅಷ್ಟಲ್ಲ, ಬಿಚ್ಚು. ನನಗೆ ತಲೆ ಚಿಟ್ಟು ಹಿಡೀತು. ಕೊನೆಗೆ ತಗಡಿನ ಡಬ್ಬಿಯೊಳಗೆ ಕೂತ ಹೆಂಗಸೊಬ್ಬಳು ಸಿಕ್ಕಳು. ಅತ್ತೆ ಒಪ್ಪಿದರು.

ಜೂನ್ 11, ಬುಧವಾರ

ಹೊಸ ಪೆಟ್ಟಿಗೆ ಅಪ್‌ಡೇಟ್ ಮಾಡು ಅಂತು, ಮಾಡಿದೆ. ಸದ್ದು ಮಾಯ. ಚೆನ್ನಾಗಿ ನಡೀತಿದ್ದದ್ದನ್ನು ಕೆದಕಿದೆನಲ್ಲ! ಅದೇ ಹೊತ್ತಿಗೆ ಹಳೇ ಪೆಟ್ಟಿಗೆ ಪೂರ್ತಿ ಸತ್ತಿತು. ಅತ್ತೆ ಪಕ್ಕದಲ್ಲಿ ನಿಂತು ಭುಜ ತಟ್ಟಿದರು, ಮತ್ತೆ ತಟ್ಟಿದರು. "ಏನತ್ತೆ, ಕಾಣಲ್ವಾ ಮಾಡ್ತಿರೋದು!" ಅಂತ ಕಿರುಚಿದೆ. ಅವರ ಇನ್ನೊಂದು ಕೈಯಲ್ಲಿ ನನಗೆ ಅಂತ ತಂದ ಕಾಫಿ ಇತ್ತು.

ಕುಡಿದೆ. ತಣ್ಣಗಾಗಿತ್ತು. ತಳದವರೆಗೂ ಕುಡಿದು ಲೋಟ ತೊಳೆದಿಟ್ಟೆ.

ಜೂನ್ 13, ಶುಕ್ರವಾರ

ನಿನ್ನೆ ಸಂಜೆ ಸದ್ದು ಬಂತು. ಅತ್ತೆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಬಂದರು.

ಡಾಕ್ಟರಮ್ಮ ಕ್ಯಾಲೆಂಡರ್ ತೆಗೆದರು. ಅತ್ತೆ ಕೈ ಎತ್ತಿ ತಡೆದರು. ಟೈಪ್ ಮಾಡತೊಡಗಿದರು. ಒಂದೊಂದೇ ಅಕ್ಷರ. ಇವರು ಬಾಯಿ ತೆರೆದರು, "ಅಮ್ಮಾ, ಅದೇನಂದ್ರೆ—" ನಾನು ಇವರ ಕಾಲು ತುಳಿದೆ, ಚೆನ್ನಾಗೇ.

ಡಬ್ಬಿ ಹೆಂಗಸು ಮಾತಾಡಿದಳು: "ಬೇಡ ಅಂದಿದ್ದು ನಾನು. ಅವಳಲ್ಲ. ಹಳೇ ಗಾಯ ಇನ್ನೂ ನೋಯ್ತಿದೆ. ನುಂಗೋವಾಗ ಹೆಚ್ಚು. ಅದರ ಮೇಲೆ ಇನ್ನೊಂದು ಕತ್ತರಿ ನನಗೆ ಬೇಡ."

ಇವರು ಕುರ್ಚಿಯನ್ನು ಅಮ್ಮನ ಕಡೆ ಎಳೆದುಕೊಂಡರು. "ಯಾವಾಗಿಂದ ಅಮ್ಮಾ?"

ಟಕ್, ಟಕ್. "ತುಂಬಾ ದಿನ ಆಯ್ತು. ನೋವಿಗೆ ಗುಂಡಿ ಬೇಡ ಅಂತ ನಾನೇ ಬಿಟ್ಟಿದ್ದೆ. ದಿನಾ ಒತ್ತಿದ್ರೆ ನಿಮಗೆ ಬೇಜಾರಾಗುತ್ತೆ ಅಂತ."

ಡಾಕ್ಟರಮ್ಮ ಟಾರ್ಚ್ ಹಿಡಿದು ನೋಡಿದರು. ಒಳಗೆ ಊದಿಕೊಂಡಿದೆಯಂತೆ. ಅದು ವಾಸಿಯಾಗೋವರೆಗೆ ಆಪರೇಷನ್ ಮಾತೇ ಇಲ್ಲ, ಆಮೇಲೂ ಅತ್ತೆ ಹೇಳಿದ ಹಾಗೆ ಅಂದರು. ದಾರಿಯುದ್ದಕ್ಕೂ ಇವರು ಅಮ್ಮನ ಕೈ ಬಿಡಲಿಲ್ಲ. ಅದರಿಂದ ಅಮ್ಮನಿಗೆ ಟೈಪ್ ಮಾಡೋಕಾಗ್ತಿಲ್ಲ ಅಂತ ಇವರಿಗೆ ಹೊಳೆಯೋಕೆ ಬಹಳ ಹೊತ್ತಾಯ್ತು.

ಜೂನ್ 15, ಭಾನುವಾರ, ಬೆಳಿಗ್ಗೆ 10

ಈ ಕಾರ್ಡೂ ಸತ್ತರೆ ಇರಲಿ ಅಂತ ಇನ್ನೊಂದು ಪ್ರತಿ ಮಾಡಿಡ್ತಿದೀನಿ. ಎರಡು ಸಲ ಅರ್ಧಕ್ಕೆ ನಿಂತಿದೆ. ಮೂರನೇದು, ನೋಡೋಣ.

ಮನೆಯಲ್ಲಿ ಶಾಂತಿ ಇಲ್ಲ. ಅತ್ತೆ ವಾಲ್ಯೂಮ್ ಕಂಡುಹಿಡಿದಿದ್ದಾರೆ. ಒಂದು ವರ್ಷದ ಬಾಕಿ ಮಾತು. ಕಿಟಕಿ ಪರದೆಗಳ ಹೊಲಿಗೆ ಸೊಟ್ಟ, ಪಕ್ಕದ ಮನೆಯವಳು ಸೊಕ್ಕಿನವಳು, ಮಗ ಡಾಕ್ಟರ ಮುಂದೆ ತನ್ನನ್ನು ಮೂಟೆ ಥರ ನೋಡಿದ. ಈಗ ಹಾಲ್‌ನಲ್ಲಿ ಅದೇ ಜಗಳ, ಅಮ್ಮ-ಮಗನದು. ಇವರು ಕಿರುಚ್ತಾರೆ, ಆಮೇಲೆ ಬಾಯಿ ಮುಚ್ಚಿ ನಿಲ್ತಾರೆ, ಅಮ್ಮ ಟೈಪ್ ಮಾಡಿ ಮುಗಿಸೋವರೆಗೆ. ಬಾಗಿಲ ಸಂದಿಯಿಂದ ಕಾಣ್ತಿದೆ. ಮುಖ ಕೆಂಪಾಗಿದೆ, ಆದ್ರೂ ಕಾಯ್ತಿದಾರೆ.

ಟಕ್ ಟಕ್ ನಿಂತಿತು. ಡಬ್ಬಿ ಹೆಂಗಸು ಗಂಟಲೆತ್ತಿದಳು. "ನಿನ್ನ ಹೆಂಡತಿಯನ್ನೂ ಕರಿ. ಅವಳಿಗೂ ಹೇಳೋದಿದೆ—"

ಅಯ್ಯೋ, ಪ್ರತಿ ಇನ್ನೂ ಪೂರ್ತಿ ಆಗಿಲ್ಲ. ಬಂದೆ ಅತ್ತೆ, ಬಂದೆ—